ಸಾಕು

ಅರ್ಜಿಯ ಮೊದಲ ಸಾಲಿನಲ್ಲೇ ಎಡವಿದೆವು.
'ಪೋಷಕತ್ವ ವಹಿಸುವವರ ಹೆಸರು' ಎಂದು ಓದಿದೆ.
'ಹಂಗಂದ್ರೆ ಯಾರು ಮೇಡಮ್?'
ಸಾಕೋರು, ಅಂದೆ.
ಗುತ್ತಲಿನ ಆ ಶೀಟಿನ ಮನೆಯಲ್ಲಿ,
ಬಿಸಿಯೂಟದ ಹಂಡೆ ತೊಳೆದಿಟ್ಟು ಬಂದು
ಇನ್ನೂ ಬೆವರೊರೆಸುತ್ತಿದ್ದ ಹೆಂಗಸು ನಕ್ಕೇ ನಕ್ಕಳು:
'ಹಂಗಾರೆ ಬರ್ಕಳಿ, ಸಾಕಮ್ಮ.
ಐದ್ನೇದೂ ಹೆಣ್ಣಾಯ್ತು ಅಂತ ನಮ್ಮಪ್ಪ ಇಟ್ಟಿದ್ದು.
ಸಾಕಪ್ಪಾ ಸಾಕು ಅಂತ.
ಸಾಕ್ತೀನಿ ಅಂತಲ್ಲ.'

ಕೊಠಡಿ? ಅಡುಗೆಮನೆ ಸೇರಿ ಒಂದೂವರೆ.
ಆದಾಯ? ಅವಳದಿಷ್ಟು;
ಗಂಡ ಚಿಗರಯ್ಯನದು ಆಲೆಮನೆ ಉರಿಯುವ ತಿಂಗಳಲ್ಲಿ ಮಾತ್ರ.
ಮಕ್ಕಳನ್ನು ಪಡೆಯಲು ಬಯಸುವ ಕಾರಣ?
'ಕಾರಣ ಏನು, ಮಕ್ಳು ಅವೆಯಲ್ಲ.'

ಅವೆ.
ಸಿಂಚನ, ಒಂಬತ್ತು. ಪೂರ್ವಿಕ್, ಐದು.
ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಒಂದೇ ಟವೆಲ್ ಹೊದ್ದಿದ್ದರು.
ಆ ರಾತ್ರಿ ನಮ್ಮ ಜೀಪು ಎರಡು ಕಡೆ ನಿಂತಿತು:
ಅವಳಿಗೆ ಹೆಣ್ಣುಮಕ್ಕಳ ಬಾಲಮಂದಿರ,
ಅವನಿಗೆ ಗಂಡುಮಕ್ಕಳದು.
ಇಳಿಯುವಾಗ ಹುಡುಗಿ ಅಳಲಿಲ್ಲ,
ಮೇಲಧಿಕಾರಿಯ ಹಾಗೆ ನನಗೊಂದು ಸೂಚನೆ ಕೊಟ್ಟಳು:
'ಅವ್ನು ಕಿವಿ ಹಿಡ್ಕೊಂಡೇ ಮಲಗೋದು.
ಎಡಗಿವಿ. ಯಾರಿಗಾದ್ರೂ ಹೇಳ್ಬುಡಿ.'

ಹೇಳಿದೆ.
ನಲವತ್ತು ಹುಡುಗರಿಗೆ ಒಬ್ಬರೇ ವಾರ್ಡನ್,
ಅವರಿಗೂ ಇರುವುದು ಎರಡೇ ಕಿವಿ.

ಸಮಿತಿ ಕೂತಿತು, ಎದ್ದಿತು, ಮತ್ತೆ ಕೂತಿತು.
ಒಂದು ಮಗುವಾದರೆ ಪರಿಶೀಲಿಸಬಹುದು ಎಂದಿತು ಟಿಪ್ಪಣಿ.
ಒಂದೂವರೆ ಕೋಣೆಗೆ ಒಂದೂವರೆ ಮಗು ಎಂದು ಯಾರೋ ನಕ್ಕರು,
ಕೆಟ್ಟ ಮನಸ್ಸಿನಿಂದಲ್ಲ.
ಪೊಲೀಸ್ ವರದಿ, ಡಾಕ್ಟರ ಪತ್ರ,
ಸಹಿ ಹಾಕಬೇಕಾದವರ ವರ್ಗಾವಣೆ,
ಬಂದವರು ಕಡತವನ್ನು ಮೊದಲ ಹಾಳೆಯಿಂದ ಓದಿದ್ದು.
ಅಷ್ಟರಲ್ಲಿ ಕಬ್ಬು ಕಡಿದಾಗಿ
ಕೂಳೆ ಚಿಗುರಿ ಮೊಣಕಾಲೆತ್ತರ ಬಂದಿತ್ತು.
ಸಾಕಮ್ಮ ಮಂಗಳವಾರ ತಪ್ಪಿಸಲಿಲ್ಲ.
ಹೊರಗಿನ ಬೆಂಚಿನ ಮೇಲೆ ಕೂತು
ಒಳಗೆ ಹೋಗುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು,
ಚಹಾ ತರುವ ಹುಡುಗನಿಗೂ:
'ಎರಡೂ ಕೊಡಿ. ಒಂದಾದ್ರೆ ನಂಗ್ ಬ್ಯಾಡ.'

ಏಳನೇ ತಿಂಗಳಿಗೆ ಎರಡೂ ಕೊಟ್ಟೆವು.
ಯುಗಾದಿಯ ಹಣ ಗೌರಿಹಬ್ಬಕ್ಕೆ ಬಂತು.
ಸಾಲ ಮಾಡಿ ಕೊಡಿಸಿದ್ದ ಬೂಟು
ಅಷ್ಟು ಹೊತ್ತಿಗೆ ಕಾಲು ಕಚ್ಚುತ್ತಿತ್ತು.

ಭೇಟಿಗೆ ಹೋದೆ. ಮಕ್ಕಳು ಬೀದಿನಲ್ಲಿಯ ಹತ್ತಿರ.
ಸಾಕಮ್ಮ ಒಲೆ ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು:
'ದಿನಾ ರಾತ್ರಿ ಆ ಹುಡ್ಗಿ ತಮ್ಮನ ಪಕ್ಕ ಮಲಗ್ತಳೆ,
ಜಡೆ ಎತ್ತಿ, ಎಡಗಿವಿ ಅವನ ಕಡೆ ಮಾಡಿ.
ಅವ್ನು ಮುಟ್ಟಾಕಿಲ್ಲ.
ತನ್ ಕಿವಿ ತಾನೇ ಹಿಡ್ಕತನೆ.
ಅಲ್ಲೇ ಕಲ್ತನೋ ಏನೋ.'

ಮಗು ಹೊಂದಿಕೊಂಡಿದೆಯೇ? ಹೌದು, ಇಲ್ಲ.
ಒಂದಕ್ಕೆ ಗುರುತು ಹಾಕಬೇಕು.
ನಮೂನೆಯನ್ನು ಹಾಗೇ ಮಡಚಿ ಬ್ಯಾಗಿಗಿಟ್ಟೆ.

ಮೈಸೂರಿನ ಸಭೆಯಲ್ಲಿ ನೀತಿಯ ಕರಡು ಹಂಚಿದರು,
ಸಲಹೆ ಇದ್ದರೆ ಹೇಳಿ ಅಂದರು.
ರಾತ್ರಿಯೆಲ್ಲ ಬರೆದ ನಾಲ್ಕು ಪುಟ ಕೈಯಲ್ಲಿತ್ತು.
ಎದ್ದು ನಿಂತಾಗ ಬಾಯಿಗೆ ಬಂದದ್ದು ಇಷ್ಟೇ:
ಒಡಹುಟ್ಟಿದವರನ್ನು ಮೊದಲ ರಾತ್ರಿ ಬೇರೆ ಮಲಗಿಸಬೇಡಿ.
ಉಳಿದದ್ದನ್ನು ಬೆಳಗ್ಗೆ ಯೋಚಿಸೋಣ.

ಗಮನಿಸಲಾಗಿದೆ, ಎಂದು ಬರೆದುಕೊಂಡರು.
ಯಾರೋ ಮೈಕು ಸರಿಮಾಡಿದರು.

ವಾಪಸು ಬರುವ ಬಸ್ಸು ಶ್ರೀರಂಗಪಟ್ಟಣ ದಾಟಿದಾಗ ಒಂಬತ್ತೂವರೆ.
ಗುತ್ತಲಿನಲ್ಲಿ ಈಗ ದೀಪ ಆರಿರುತ್ತದೆ.
ಹುಡುಗಿ ಜಡೆ ಎತ್ತಿಕೊಂಡಿರುತ್ತಾಳೆ.