ಲಾಗ್‌ಬುಕ್ಕಿನ ಹಿಂಬದಿ

ಪಾಲಿಟೆಕ್ನಿಕ್ಕಿನವರು ಕೊಟ್ಟದ್ದು ಹಸಿರು ರಟ್ಟಿನ ಪುಸ್ತಕ.
ದಿನಾಂಕ, ಮಾಡಿದ ಕೆಲಸ, ಕಲಿತದ್ದು, ಮೇಲ್ವಿಚಾರಕರ ಸಹಿ:
ನಾಲ್ಕು ಅಂಕಣ, ಹನ್ನೆರಡು ವಾರ.
ಹೊರಡುವಾಗ ಆಫೀಸಿನ ಮೇಡಂ ಅಂದರು,
"ಕೆಲಸ ಹೇಗೂ ಕಲಿಯುತ್ತೀ ಅಡ್ವೊಬಾ,
ನಾಲ್ಕು ಜನರನ್ನು ಸಂಪಾದಿಸಿಕೊಂಡು ಬಾ."
ಜನರನ್ನು ಸಂಪಾದಿಸುವುದು ಹೇಗೆಂದು
ತಕೊರಾಡಿಯಿಂದ ಟೆಮಾವರೆಗೂ ಬಸ್ಸಿನಲ್ಲಿ ಯೋಚಿಸಿದೆ,
ಮಡಿಲಲ್ಲಿ ಅಣ್ಣನ ಬೂಟು,
ಒಂದಂಗುಲ ದೊಡ್ಡದು, ತುದಿಗೆ ಹಳೇ ಬಟ್ಟೆ ತುರುಕಿದ್ದು.

ಮೊದಲ ವಾರ. ಮಾಡಿದ ಕೆಲಸ: ಸುರಕ್ಷತಾ ಪರಿಚಯ.
ನಿಜ ಹೇಳಬೇಕೆಂದರೆ ನೀರಿನ ಪ್ಯಾಕೆಟ್ಟು ಹಂಚಿದೆ.
ಹಡಗುಕಟ್ಟೆಯ ನೀರು ಬಸಿದಿದ್ದರು,
ನೆಲದ ಮೇಲೆ ನಿಂತ ಹಡಗಿಗೆ ಎಂಥ ಸಂಕೋಚ!
ಹೊಟ್ಟೆಯ ಕೆಳಗೆಲ್ಲ ಚಿಪ್ಪು, ಪಾಚಿ, ತುಕ್ಕು,
ಯಾರೂ ಕಾಣಬಾರದ್ದು ಎಲ್ಲರ ಕಣ್ಣಿಗೆ.
ನಾನೂ ಹಾಗೇ ನಿಂತಿದ್ದೆ.

ಮೂರನೆಯ ವಾರ ಮ್ಯಾನೇಜರ್ ಬೋಚ್ವೇ ಕೈ ಕುಲುಕಿದರು.
ಕಾರ್ಡು ಕೊಟ್ಟರು. ದಪ್ಪ ಕಾಗದ, ಉಬ್ಬಕ್ಷರ,
ಕತ್ತಲಲ್ಲೂ ಬೆರಳಿಗೆ ಹೆಸರು ತಾಗುವಂಥದು.
ಬೈಬಲ್ಲಿನ ಕೀರ್ತನೆಗಳ ನಡುವೆ ಇಟ್ಟೆ.

ಸ್ಟೋರಿನ ನಾರ್ಟೆ ಕಾರ್ಡು ಕೊಡಲಿಲ್ಲ, ಬೈಗುಳ ಕೊಟ್ಟ.
"ಮೂವತ್ತೆರಡರ ಸ್ಪ್ಯಾನರ್ ಬೇಕಾದವಳು ಮೂವತ್ತರದ್ದು ಒಯ್ದೆ,
ಯಾವ ಸೀಮೆ ಮೆಕ್ಯಾನಿಕ್ಕೇ ನೀನು?"
ಮಾರನೆಯ ದಿನ ನನ್ನ ಕಣ್ಣಿಗೆ ಚಿಂದಿ ಕಟ್ಟಿ
ಒಂದೊಂದನ್ನೇ ಅಂಗೈಗಿಟ್ಟು
ತೂಕದಿಂದ ಅಳತೆ ಹೇಳುವುದು ಕಲಿಸಿದ.
ಇದನ್ನು ಯಾವ ಅಂಕಣದಲ್ಲಿ ಬರೆಯಲಿ?

ಗೇಟಿನಾಚೆ ಕೆಂಕೆ ಮಾರುವ ಡೆಡೆ ಅಕ್ಕ
ಯಾವ ಯಾರ್ಡಿನಲ್ಲಿ ಯಾರು ಬಿಟ್ಟರು, ಯಾರು ಬೇಕಾಗಿದ್ದಾರೆ,
ಮೀನು ಮಗುಚುತ್ತ ಮಗುಚುತ್ತ ಹೇಳಿಬಿಡುತ್ತಿದ್ದಳು.
ಅವಳ ಬಾಗಿಲ ಮೇಲೆ ಇದ್ದಲಿನ ಗೀಟು:
ನನ್ನ ಹೆಸರಿಗೆ ಹನ್ನೊಂದು ಊಟ ಬಾಕಿ.

ಕೊನೆಯ ಬಸ್ಸು ತಪ್ಪಿದ ರಾತ್ರಿ
ಕಾವಲಿನ ಇಸ್ಸಿಫು ತನ್ನ ಕುರ್ಚಿ ಬಿಟ್ಟುಕೊಟ್ಟ.
ಬೆಳಗಿನವರೆಗೆ ಅಡ್ಡಾಡಿದ,
ಟಾರ್ಚಿನ ಬೆಳಕು ನನ್ನ ಮುಖಕ್ಕೆ ಬೀಳದಂತೆ.

ಹನ್ನೆರಡನೆಯ ವಾರ ಸಹಿ ಬಿತ್ತು, ಮೊಹರು ಬಿತ್ತು.
ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ
ಗ್ರೀಸು ಬೆರಳಲ್ಲಿ ಪೆನ್ನು ಹಿಡಿದು ಮೂರು ನಂಬರು ಬರೆದುಕೊಂಡೆ.

ಡಿಪ್ಲೊಮಾ ಮುಗಿದ ಮೇಲೆ ಬೋಚ್ವೇ ಅವರಿಗೆ
ಒಂಬತ್ತು ಸಲ ಫೋನು ಮಾಡಿದೆ.
ರಿಂಗಾಯಿತು, ರಿಂಗಾಯಿತು.
ಕೆಲಸ ಸಿಕ್ಕಿದ್ದು ಬೇರೆ ದಾರಿಯಲ್ಲಿ:
ಡೆಡೆ ಅಕ್ಕನ ಒಲೆಯ ಬಳಿ ಹುಟ್ಟಿದ ಮಾತು
ನಾರ್ಟೆಯ ಕಿವಿಗೆ, ನಾರ್ಟೆಯಿಂದ ಅವನ ಷಡ್ಡಕನಿಗೆ,
ಷಡ್ಡಕನಿಂದ ಟಗ್ ದೋಣಿಗಳ ಕಂಪನಿಗೆ.
"ಕಣ್ಣು ಮುಚ್ಚಿ ಸ್ಪ್ಯಾನರ್ ಹೇಳುವ ಹುಡುಗಿ" ಅಂದನಂತೆ.
ಅಷ್ಟೇ ನನ್ನ ಶಿಫಾರಸು ಪತ್ರ.

ನಾಲ್ಕು ವರ್ಷವಾಯಿತು.
ಇವತ್ತು ಮಧ್ಯಾಹ್ನ ಎಂಜಿನ್ ಕೋಣೆಯಲ್ಲಿ ಫೋನು ನಡುಗಿತು.
ಇಸ್ಸಿಫು. ಯಾಕೆಂದು ಗೊತ್ತು.
ತಂಗಿಯ ಮಗ, ಅಟ್ಯಾಚ್‌ಮೆಂಟಿಗೆ ಎಲ್ಲಾದರೂ ಒಂದು ಜಾಗ.
ಹೋದ ವಾರವೂ ಮಾಡಿದ್ದ, ಅದರ ಹಿಂದಿನ ವಾರವೂ.
ಕೈಯೆಲ್ಲ ಎಣ್ಣೆ, ಅಂದುಕೊಂಡೆ.
ಏನೂ ಕೇಳಿಸದು ಈ ಸದ್ದಿನಲ್ಲಿ, ಅಂದುಕೊಂಡೆ.
ಒಂದು ಕುರ್ಚಿಯ ಹಂಗು ಎಷ್ಟು ವರ್ಷ, ಅಂತಲೂ
(ಇದನ್ನು ಯಾರಿಗೂ ಹೇಳಿಲ್ಲ) ಅಂದುಕೊಂಡೆ.
ಫೋನನ್ನು ಬೋರಲು ಹಾಕಿದೆ.
ರಿಂಗಾಯಿತು, ರಿಂಗಾಯಿತು.

ಕೈ ಒರೆಸಲು ಬಟ್ಟೆಗೆಂದು ಜೇಬಿಗೆ ಕೈ ಹಾಕಿದರೆ
ಹೆಬ್ಬೆರಳಿಗೆ ಏನೋ ತಾಗಿತು.
ಕಂಪನಿ ಹೋದ ತಿಂಗಳು ಮಾಡಿಸಿಕೊಟ್ಟ ಕಾರ್ಡು.
ದಪ್ಪ ಕಾಗದ.
ಉಬ್ಬಿ ನಿಂತ ಅಕ್ಷರ: ಅಡ್ವೊಬಾ ಎಸ್ಸುಮನ್.

ಏಣಿ ಹತ್ತಿ ಮೇಲೆ ಬಂದೆ.
ಕಡಲು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು.
ಜಾಗ ಇದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ.
ಅವನು ಮೊದಲು ಊಟವಾಯಿತಾ ಎಂದ.
ನಾನು,
ಹುಡುಗನ ಕಾಲಿಗೆ ಬೂಟು ಯಾವ ಅಳತೆ, ಎಂದೆ.