ಮೂರಡಿ ಬಾಗಿಲು

ಈ ಆಟದ ಮನೆ ನಾನು ಕಟ್ಟಿದ್ದಲ್ಲ.
ಕಟ್ಟಿದವನು ರಿಸ್ತೋ. ಈಗ ತಾಂಪೆರೆಯಲ್ಲಿದ್ದಾನೆ,
ತಿಂಗಳಿಗೊಂದು ಭಾನುವಾರ ಫೋನಿನಲ್ಲಿ ಬರುತ್ತಾನೆ.
ಕೆಲಸಗಾರ, ಒಪ್ಪಲೇಬೇಕು:
ಕೆಂಪು ಬಳಿದ ಹಲಗೆ, ಮೂಲೆಗೆ ಮೂಲೆ ಕೂತಿದೆ,
ಐದು ಚಳಿಗಾಲದ ಹಿಮ ಹೊತ್ತೂ
ಸೂರು ಕೂದಲೆಳೆಯಷ್ಟೂ ಜಗ್ಗಿಲ್ಲ.

ಒಳಗೆ ಏನೂ ಇಲ್ಲ, ಚಂದ ಮಾಡಿಕೊಡು, ಅಂದಳು ಪಿಹ್ಲಾ.
ಗೋಡೆಗೆ ಮೊಳೆ ಹೊಡೆಯಬಾರದು,
ಅದನ್ನೂ ಅವಳೇ ಅಂದಳು.

ಅಂದಿನಿಂದ ಬಂದರಿನ ಕ್ರೇನಿನಿಂದ ಇಳಿದು ಬಂದವನು
ಕೈ ತೊಳೆದು ಮತ್ತೆ ಕಸದ ಬುಟ್ಟಿಗೇ ಕೈ ಹಾಕುತ್ತೇನೆ.
ಹೆನ್ನಾ ನಗುತ್ತಾಳೆ:
ನಮ್ಮನೆ ಕಸಕ್ಕೆ ಈಗ ಹೊರಗೆ ಹೋಗಲು ಮನಸ್ಸೇ ಇಲ್ಲ.

ಮೊದಲು ಕಾಫಿ ಪೊಟ್ಟಣ.
ಕೆಮಿಯಲ್ಲಿ ಮತ್ತೇನಕ್ಕೆ ಬರವಿದ್ದರೂ ಇದಕ್ಕಿಲ್ಲ.
ಒಳಗಿನ ಬೆಳ್ಳಿ ಮೈ ಹೊರಗೆ ತಿರುಗಿಸಿ
ಎರಡು ಬೆರಳಗಲ ಕತ್ತರಿಸಿ
ಮಡಿಸಿ, ಮತ್ತೆ ಮಡಿಸಿ,
ಒಂದರ ಬಾಯಿಗೆ ಇನ್ನೊಂದರ ಬಾಲ.
ಪಕ್ಕದ ಮನೆಯ ಲಾಹ್ಯಾ ಕಲಿಸಿದಳು,
ನಾಲ್ಕು ಸಲ ಬಿಚ್ಚಿಸಿದಳು,
ಐದನೆಯ ಸಲ ಹೂಂ ಎಂದಳು, ಅಷ್ಟೆ.
ಐವತ್ತೆರಡು ಪೊಟ್ಟಣಕ್ಕೆ ಒಂದು ಪರದೆ.
ತುದಿ ಮುರಿದ ಸ್ಕೀ ಕೋಲಿಗೆ ಪೋಣಿಸಿದೆ.
ಕೋಲಿಗೆ ಆಸರೆ?
ಕಿಟಕಿಯ ಮೇಲೆ ರಿಸ್ತೋ ಯಾವುದಕ್ಕೋ ಹೊಡೆದಿಟ್ಟ
ಎರಡು ಮೊಳೆ ಇದ್ದವು.
ಅವಕ್ಕೇ ಸಿಕ್ಕಿಸಿದೆ. ಯಾರಿಗೂ ಹೇಳಿಲ್ಲ.

ಮೊಟ್ಟೆಯ ಟ್ರೇ ಕತ್ತರಿಸಿ ಬೀಟ್‌ರೂಟ್ ನೀರಿಗೆ ಅದ್ದಿ
ಹೂ ಮಾಡಲು ಹೋದೆ.
ಒಣಗಿದ ಮೇಲೆ ಅಪ್ಪಟ ಕೆಸರಿನ ಬಣ್ಣ.
ಪಿಹ್ಲಾ ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟಳು:
ಇವು ಹೂವಲ್ಲ, ಕಪ್ಪೆಗಳ ಟೋಪಿ.
ಸರಿ. ಬಾಗಿಲ ಬಳಿ ಸಾಲಾಗಿ ಇಟ್ಟಿದ್ದೇವೆ,
ಬಂದ ಕಪ್ಪೆಗಳು ತಲೆಯಳತೆ ನೋಡಿ ಹಾಕಿಕೊಳ್ಳಲಿ.

ಆಮೇಲೆ ಚಾಪೆ. ಹಳೆಯ ಬಟ್ಟೆ ಸೀಳಿ
ಜಡೆ ಹೆಣೆದು, ಜಡೆಯನ್ನು ಬಸವನಹುಳುವಿನಂತೆ ಸುತ್ತಿ.
ಹೆನ್ನಾಳ ಎರಡು ಲಂಗ, ನನ್ನ ಕೆಲಸದ ಕಿತ್ತಳೆ ಅಂಗಿ.
ಪೆಟ್ಟಿಗೆಯ ತಳದಲ್ಲಿ ಒಂದು ನೀಲಿ ಚೌಕಳಿ ಶರ್ಟು,
ತೋಳು ಉದ್ದ. ನನ್ನದಲ್ಲ.
ಕತ್ತರಿ ಬಾಯಿ ತೆರೆದುಕೊಂಡೇ
ಸ್ವಲ್ಪ ಹೊತ್ತು ನಿಂತಿತು.
ಹೆಣೆದೆ. ಅದನ್ನೂ ಹೆಣೆದೆ.
ಅವಳು ಗುರುತು ಹಿಡಿದಳೋ ಇಲ್ಲವೋ,
ಕೂರುವುದು ಮಾತ್ರ ಅಲ್ಲೇ, ಆ ನೀಲಿ ಸುತ್ತಿನ ಮೇಲೆ.

ಕೊನೆಯದು ಕರೆಗಂಟೆ.
ಗುರುವಾರದ ಬಟಾಣಿ ಸೂಪಿನ ಡಬ್ಬಿ,
ನಾಲಿಗೆಗೆ ಕ್ರೇನಿನಿಂದ ಕಳಚಿ ಬಿದ್ದ ತುಕ್ಕು ನಟ್ಟು,
ಗಾಳದ ದಾರ. ಸೂರಿನಂಚಿಗೆ ಗಂಟು ಹಾಕಿದೆ, ಮೊಳೆಯಿಲ್ಲದೆ.

ಇವತ್ತು ನಡುಬೇಸಿಗೆಯ ಹಬ್ಬ,
ಮಲಗುವ ಹೊತ್ತಿನ ಕಾನೂನು ಯಾರಿಗೂ ಇಲ್ಲ.
ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.
ನಾನು ನಡು ಬಗ್ಗಿಸಿ ಗಂಟೆ ಬಾರಿಸಿದೆ.
ಠಣ್ ಅನ್ನಲಿಲ್ಲ, ಟೊಕ್ ಅಂದಿತು.

ಯಾರು?
ನಾನು.
ನಾನು ಅಂದರೆ?

ಏನು ಹೇಳಲಿ. ಎರಡು ವರ್ಷದಿಂದ
ನಾನೂ ಅದನ್ನೇ ಹುಡುಕುತ್ತಿದ್ದೇನೆ.
ವೇಸಾ, ಅಂದೆ.

ಬೆಳ್ಳಿ ಪರದೆ ಸರಸರ ಸರಿಯಿತು. ಒಂದು ಕಣ್ಣು.
ಈಗ ಮನೆಯಲ್ಲಿ ಯಾರೂ ಇಲ್ಲ, ಅಂದಿತು ಕಣ್ಣು.
ನಾಳೆ ಬಾ.

ಪರದೆ ಮುಚ್ಚಿತು. ಒಳಗೆ ಲೋಟಗಳ ಸದ್ದು,
ಯಾರಿಗೋ ಗದರಿಕೆ, ಗೊಂಬೆಗೇ ಇರಬೇಕು.
ಸೊಳ್ಳೆಗಳು ನನ್ನನ್ನು ಕಂಡುಹಿಡಿದವು.
ರಾತ್ರಿ ಹನ್ನೊಂದೂವರೆ,
ಸೂರ್ಯ ಇನ್ನೂ ಗೋದಾಮಿನ ಸೂರಿನ ಮೇಲೆ
ಕಾಲು ಚಾಚಿ ಕೂತಿದ್ದಾನೆ.
ಜೂನಿನಲ್ಲಿ ಇಲ್ಲಿ ಕತ್ತಲಾಗುವುದೇ ಇಲ್ಲ;
ನಾಳೆ ಎಲ್ಲಿಂದ ಶುರುವೆಂದು ಹೇಗೆ ತಿಳಿಯಬೇಕು?

ಗಡಿಯಾರ ನೋಡಿದೆ. ಇನ್ನು ಇಪ್ಪತ್ತೆಂಟು ನಿಮಿಷ.
ಗಾಳಿಗೆ ತಾನಾಗಿ ಬಡಿದುಕೊಳ್ಳದಿರಲೆಂದು
ನಟ್ಟನ್ನು ಬೆರಳಲ್ಲಿ ಹಿಡಿದು ನಿಂತೆ.