ನಳ ಬರೋ ರಾತ್ರಿಗೆ ಬಾ

ಪಟ್ಟಿ ಕೇಳಿದ್ದಿ, ವಸುಂಧರಾ,
ನೋಡೋದೇನು, ತಿನ್ನೋದೇನು, ರಾತ್ರಿ ಏನು ಅಂತ.
ಡ್ಯೂಟಿ ಮುಗಿಸಿ ಬಂದು ಬರೀಲಿಕ್ಕೆ ಕುಂತೀನಿ,
ಸಲೈನ್ ಬಾಟಲಿ ಬಂದ ರಟ್ಟಿನ ಹಿಂಬದಿಗೆ.

ನಸುಕಿನ್ಯಾಗ ಕಿಡಕಿ ಸರಿಸಿದ್ರ
ಮನಿಗಳ ಮ್ಯಾಲ ಒಂದು ಬೂದು ಬೆನ್ನು ಕಾಣತದ.
ಅದು ಗುಡ್ಡ ಅಲ್ಲ. ಇಳಿ.
ಆಟೋದವ ನೂರೈವತ್ತು ಅಂತಾನ,
ಎಂಬತ್ತು ಅಂದು ಸುಮ್ಮ ನಡೀಲಿಕ್ಕೆ ಹತ್ತು,
ಮೂರನೇ ಹೆಜ್ಜಿಗೆ "ಬರ್ರಿ ಅಕ್ಕಾರ" ಅಂತಾನ.
ಟಾಂಗಾ ಸಿಕ್ರ ಇನ್ನೂ ಚಲೋ.
ದಸ್ತಗೀರ ಮಾಮಾನ ಕುದುರಿಗೆ ನನ್ನ ಹೆಸರು ಹೇಳು,
ಮಾಮಾಗ ಕಿವಿ ಕೇಳಸಂಗಿಲ್ಲ.

ಗೋಳಗುಮ್ಮಟಕ್ಕ ಆರಕ್ಕ ಹೋಗು.
ಒಂಬತ್ತಕ್ಕ ಸಾಲಿ ಹುಡುಗೂರ ಬಸ್ಸು ಬರತಾವ,
ಆಮ್ಯಾಲ ಅಲ್ಲಿ ಸುಲ್ತಾನಗೂ ನಿದ್ದಿ ಇಲ್ಲ.
ಮೆಟ್ಟಲ ಇಕ್ಕಟ್ಟ ಅವ, ಮೊಣಕಾಲು ಬೈತಾವ, ಬೈಲಿ.
ಮ್ಯಾಲ ಎಲ್ಲಾರೂ ತಮ್ಮ ತಮ್ಮ ಹೆಸರು ಒದರತಾರ.
ನೀ ಒದರಬ್ಯಾಡ,
ಗೋಡಿಗೆ ಗಲ್ಲ ಹಚ್ಚಿ ಪಿಸುಗುಡು.
ಆ ಕಡಿ ನಾ ಕಿವಿ ಇಟ್ಟು ಕುಂತಿರತೀನಿ.
ಹುಬ್ಬಳ್ಳಿ ಹಾಸ್ಟೆಲ್ಲಿನ ನೀರಿನ ಟಾಕಿಗೆ
ನನ್ನ ಗಡಿಯಾರ ಬೀಳಿಸಿದಾಕಿ ಯಾರು?
ಹದಿನೆಂಟು ವರ್ಷ ಆತು, ನಾ ಕೇಳಿಲ್ಲ.
ಒಮ್ಮೆ "ನಾನ" ಅನ್ನು, ಸಾಕು,
ಗುಮ್ಮಟ ಏಳು ಸಲ ಒಪ್ಪಿಕೊಳ್ಳತದ.

ಇಬ್ರಾಹಿಂ ರೋಜಾಕ್ಕ ಮಧ್ಯಾಹ್ನ ಬ್ಯಾಡ,
ಕಲ್ಲು ಕಾದಿರತದ, ಅಂಗಾಲಿಗೆ ಮಲಾಮು ನಾನ ಹಚ್ಚಬೇಕಾಗತದ.
ಸಂಜಿ ಐದಕ್ಕ ಹೋಗು.
ಕಿಡಕಿಗೆ ಕೆತ್ತಿದ ಅಕ್ಷರದೊಳಗಿಂದ ಬಿಸಲು ಹಾದು
ನೆಲದ ಮ್ಯಾಲ ಏನೋ ಬರೀತದ.
ಆ ಲಿಪಿ ನನಗ ಓದಲಿಕ್ಕೆ ಬರಂಗಿಲ್ಲ,
ಆದ್ರೂ ಹೋದಾಗೊಮ್ಮೆ ಅಂಗೈ ಒಡ್ಡತೀನಿ.

ಬಾರಾ ಕಮಾನು ಅರ್ಧಕ್ಕ ನಿಂತದ್ದು.
ನಮ್ಮ ಓಣಿ ಗಟಾರನೂ ಅರ್ಧಕ್ಕ ನಿಂತದ,
ಅದನ್ನ ನೋಡಲಿಕ್ಕೆ ಮಾತ್ರ ಯಾರೂ ಟಿಕೀಟು ತಗೊಳ್ಳಂಗಿಲ್ಲ.

ಹಸಿವಾತೇನು?
ಬೋರ್ಡಿನ ಮ್ಯಾಲ ಉತ್ತರ ಕರ್ನಾಟಕ ಊಟ ಅಂತ ಬರದಿದ್ರ
ಮುಂದ ನಡಿ.
ರೊಟ್ಟಿ ಬಡಿಯೋ ಸಪ್ಪಳ ಬೀದಿಗೆ ಕೇಳಬೇಕು,
ಅದು ನೀಲವ್ವನ ಖಾನಾವಳಿ.
ಬಿಸಿ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಯಾ, ಕೆನಿ ಮಸರು,
ಶೇಂಗಾ ಹಿಂಡಿ ಮ್ಯಾಲ ಕುಸಬಿ ಎಣ್ಣಿ.
ಎರಡು ಸಾಕು ಅಂದ್ರ ನಾಕು ಬೀಳತಾವ,
ಸಾಕು ಅನ್ನೋ ಮಾತು ಆಕಿಗೆ ಯಾರೂ ಕಲಿಸಿಲ್ಲ.
ಸಾರಿಗೆ ಬೆಲ್ಲ ಕೇಳಬ್ಯಾಡ, ಮರ್ಯಾದಿ ಹೋಗತದ, ನನ್ನದು.
ಗಾಂಧಿ ಚೌಕದ ಹಿಂದ ಮಿರ್ಚಿ ಭಜಿ, ಚುರಮುರಿ.
ಕಣ್ಣಾಗ ನೀರು ಬಂದ್ರ ಇಂಡಿ ನಿಂಬಿಹಣ್ಣಿನ ಸೋಡಾ.
ನರ್ಸ್ ಆಗಿ ಹೇಳಬಾರದು,
ಆದ್ರೂ ಕರಿದದ್ದನ್ನ ತಿನ್ನು.

ಇನ್ನ ರಾತ್ರಿ.
ನಗಬ್ಯಾಡ ಮತ್ತ.
ಹತ್ತಕ್ಕ ಶಟರ್ ಬೀಳತಾವ,
ಸೆಕೆಂಡ್ ಶೋ ಬಿಟ್ಟವರು, ಸ್ಟೇಷನ್ ಚಹಾದವ, ನಾಯಿ, ಅಷ್ಟ.
ಆದ್ರ ಬುಧವಾರ ತಪ್ಪಿಸಬ್ಯಾಡ.
ಎಂಟು ದಿನಕ್ಕೊಮ್ಮೆ ನಮ್ಮ ಓಣಿಗೆ ನಳ ಬರತದ, ರಾತ್ರಿ ಎರಡಕ್ಕ.
ಮೊದಲ ಪೈಪಿನೊಳಗ ಗಾಳಿ ಕೆಮ್ಮತದ,
ಒಂದೊಂದ ಮನಿಗೆ ಲೈಟು ಹತ್ತತಾವ,
ನೈಟಿ ಮ್ಯಾಲ ಟಾವೆಲ್ ಹೊದ್ದು ಬೇಗಂಬಿ ಆಪಾ,
ಹಿಂದ ಆಕಿ ಮೂರು ಸೊಸಿಯಂದಿರು,
ಕೊಡ, ಬ್ಯಾರಲ್, ನನ್ನ ಪಾಳಿ ನಿನ್ನ ಪಾಳಿ,
ಯಾರ ಮಗಳಿಗೆ ಎಲ್ಲಿಯ ವರ, ಯಾರ ಬಿಪಿ ಎಷ್ಟು.
ಕಟ್ಟಿ ಮ್ಯಾಲ ಕುಂತು ಬಿಪಿ ನಾ ನೋಡತೀನಿ, ಫುಕಟ.
ಜಗಳಾಡಿದಾಕಿದ ಒಂದೀಟು ಹೆಚ್ಚ ಇರತದ.
ಮೂರಕ್ಕ ಯಾರದೋ ಮನಿಯಿಂದ ಚಹಾ.
ಬ್ಯಾರಲ್ ಕಂಠಮಟ ತುಂಬಿದ್ದನ್ನ ನಾವು ನಿಂತು ನೋಡತೀವಲ್ಲ,
ಹಂಗ ಗುಮ್ಮಟಾನ ಯಾವ ಪ್ರವಾಸಿನೂ ನೋಡಿಲ್ಲ.

ಲಾಡ್ಜ್ ಬುಕ್ ಮಾಡಬ್ಯಾಡ, ಹಾಸಿಗಿ ಅದ.
ಏನು ತರಲಿ ಅಂದಿದ್ದಿ.
ಮೈಸೂರಪಾಕು ಬ್ಯಾಡ.
ಮುಚ್ಚಳ ಇರೋ ಎರಡು ಕ್ಯಾನು ತಾ,
ಮನಸ್ಸಿದ್ರ ಒಂದು ಗಡಿಯಾರ,
ಎರಡಾತು ಅಂತ ಗೊತ್ತಾಗಬೇಕಲ್ಲ.